ಫೋಲ್ಡರ್ ಹೆಸರು ಬದಲಿಸಿದೆ, ಫೋಟೋ ಮಾಯ: ಕ್ಲೌಡ್‌ನಲ್ಲಿ ದೋಷ ಹುಡುಕುವ ಬಗೆ

ಹೋದ ಮಳೆಗಾಲದ ಒಂದು ಸಂಜೆ ಫೋನ್ ಬಂತು. ಸಾಗರದ ಹತ್ತಿರ ಹೋಮ್‌ಸ್ಟೇ ನಡೆಸುವ ಪರಿಚಯದ ಅಣ್ಣ.

"ಎಂತ ಆಯ್ತು ಮಾರಾಯಾ, ವೆಬ್‌ಸೈಟಲ್ಲಿ ಅರ್ಧಕ್ಕಿಂತ ಜಾಸ್ತಿ ಫೋಟೋ ಇಲ್ಲ. ಅಲ್ಲೆಲ್ಲ ಬರೀ ಖಾಲಿ ಚೌಕ ಕಾಣ್ತದೆ."

"ಏನಾದ್ರೂ ಮುಟ್ಟಿದ್ರಾ ಅಣ್ಣ?"

"ಎಂತದೂ ಇಲ್ಲಪ್ಪ. ಆ ಫೋಲ್ಡರ್ ಹೆಸರು ಒಂದು ಸರಿ ಮಾಡಿದೆ, ಅಷ್ಟೇ."

ಆ 'ಅಷ್ಟೇ'ಯಲ್ಲೇ ಎಲ್ಲ ಇತ್ತು. ಅವರ ಫೋಟೋಗಳೆಲ್ಲ ಕ್ಲೌಡ್‌ನಲ್ಲಿ ಒಂದು ಫೋಲ್ಡರಿನಲ್ಲಿದ್ದವು. ಫೋಲ್ಡರಿನ ಹೆಸರು ಇಂಗ್ಲಿಷಿನ ಹಳೇ ಸ್ಪೆಲ್ಲಿಂಗ್, 'ಶಿಮೋಗ'. ಇಂಗ್ಲಿಷಿನಲ್ಲೂ ಊರು ಅಧಿಕೃತವಾಗಿ 'ಶಿವಮೊಗ್ಗ' ಆದದ್ದು 2014ರ ನವೆಂಬರ್ 1ರಂದು. ಫೋಲ್ಡರನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ಅವತ್ತು ಅದು ಅಣ್ಣನ ಕಣ್ಣಿಗೆ ಬಿದ್ದಿದೆ. ನಾನೇ ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಆ್ಯಪ್ ತೆಗೆದು ರೀನೇಮ್ ಒತ್ತಿದ್ದಾರೆ. ಅರ್ಧದಲ್ಲಿ ಕರೆಂಟ್ ಹೋಗಿದೆ, ಅದರ ಹಿಂದೆಯೇ ವೈಫೈ. ಜುಲೈ ತಿಂಗಳು, ಗಾಳಿಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಹೆಸರು ಬದಲಾದಾಗ ಊರು ಇದ್ದಲ್ಲೇ ಇತ್ತು. ಬಸ್ಸು ಅದೇ ಸ್ಟ್ಯಾಂಡಿಗೆ ಬಂದು ನಿಂತಿತು. ಕ್ಲೌಡ್‌ನಲ್ಲಿ ಎಲ್ಲ ಕಡೆ ಹಾಗಲ್ಲ. ಕೆಲವು ಕಡೆ ಹೆಸರೇ ವಿಳಾಸ. ಹೆಸರು ಬದಲಿಸಿದರೆ ವಿಳಾಸ ಹೋಯಿತು. ಹೀಗೆ 'ಕಳೆದುಹೋದ' ಫೋಟೋಗಳಲ್ಲಿ ಹೆಚ್ಚಿನವು ಕಳೆದಿರುವುದಿಲ್ಲ, ಬೇರೆ ವಿಳಾಸದಲ್ಲಿ ಕೂತಿರುತ್ತವೆ. ಗಾಬರಿಯಲ್ಲಿ ನಾವು ಮಾಡುವ ಎರಡನೇ ಕೆಲಸದಲ್ಲಿ ಅವು ನಿಜವಾಗಿಯೂ ಕಳೆಯುತ್ತವೆ.

ಮೊದಲು ಕೈ ತೆಗೆಯಿರಿ

"ಹಾಗಾದ್ರೆ ವಾಪಸ್ ಹಳೇ ಹೆಸರೇ ಹಾಕ್ಲಾ?" ಅಂತ ಅಣ್ಣ ಕೇಳಿದರು. ಎಲ್ಲರೂ ಕೇಳುವುದು ಇದನ್ನೇ. ಬೇಡ ಅಂದೆ.

ರೀನೇಮ್ ಅರ್ಧಕ್ಕೆ ನಿಂತಿದ್ದರೆ ಈಗ ಎರಡು ಫೋಲ್ಡರ್ ಇರುತ್ತವೆ. ಅರ್ಧ ಫೋಟೋ ಇಲ್ಲಿ, ಅರ್ಧ ಅಲ್ಲಿ. ಹೊಸದಕ್ಕೆ ಹಳೇ ಹೆಸರು ಕೊಟ್ಟರೆ ಆ್ಯಪ್ ಎರಡನ್ನೂ ಸೇರಿಸಲು ಹೋಗುತ್ತದೆ. ಒಂದೇ ಹೆಸರಿನ ಫೋಟೋ ಎರಡೂ ಕಡೆ ಇದ್ದರೆ ಒಂದರ ಮೇಲೆ ಇನ್ನೊಂದನ್ನು ಬರೆದುಬಿಡಬಹುದು. ಮಧ್ಯದಲ್ಲಿ ಮತ್ತೆ ಕರೆಂಟ್ ಹೋದರೆ ಮೂರನೇ ಗೊಂದಲ. ಆದ್ದರಿಂದ ರೀನೇಮ್ ಬೇಡ, ಡಿಲೀಟ್ ಬೇಡ, 'ಖಾಲಿ ಫೋಲ್ಡರ್ ತೆಗೆಯಲೇ?' ಅಂತ ಆ್ಯಪ್ ಕೇಳಿದರೆ ಅದೂ ಬೇಡ. ಲ್ಯಾಪ್‌ಟಾಪಿನಲ್ಲಿ ಸಿಂಕ್ ಓಡುತ್ತಿದ್ದರೆ ನಿಲ್ಲಿಸಿ.

ಆಮೇಲೆ ಎಣಿಸಿ. ಹಳೇ ಹೆಸರಿನಲ್ಲಿ ಎಷ್ಟಿವೆ, ಹೊಸದರಲ್ಲಿ ಎಷ್ಟಿವೆ? ಅಣ್ಣನ ಸೈಟಿನಲ್ಲಿ ಒಟ್ಟು 1,412 ಫೋಟೋ ಅಂತ ನನ್ನ ಹಳೇ ಪಟ್ಟಿಯಲ್ಲಿತ್ತು. ಹೊಸ ಫೋಲ್ಡರಿನಲ್ಲಿ 864 ಸಿಕ್ಕವು, ಹಳೆಯದರಲ್ಲಿ 549. ಕೂಡಿಸಿ ನೋಡಿ, 1,413. ಕಡಿಮೆಯಾಗುವ ಬದಲು ಒಂದು ಜಾಸ್ತಿ! ಅದನ್ನು ನೋಡಿದ ಮೇಲೆ ನಾನು ನಿಶ್ಚಿಂತೆಯಿಂದ ಕಾಫಿ ಕುಡಿದೆ. ಯಾಕೆ ಅಂತ ಮುಂದೆ ಬರುತ್ತದೆ.

ಎಣಿಸುವಾಗ ಒಂದು ಬಲೆ ಇದೆ. ಅಮೆಜಾನ್ ಎಸ್3 (ಅಮೆಜಾನ್ ಬಾಡಿಗೆಗೆ ಕೊಡುವ ಕ್ಲೌಡ್ ಜಾಗ) ಮಾದರಿಯ ಸ್ಟೋರೇಜ್, ಅಣ್ಣನದೂ ಅದೇ ಬಗೆ, ಒಂದು ಸಲ ಕೇಳಿದರೆ ಹೆಚ್ಚೆಂದರೆ 1000 ಹೆಸರು ಕೊಡುತ್ತದೆ. ಉಳಿದದ್ದಕ್ಕೆ ಮತ್ತೆ ಕೇಳಬೇಕು. ಅರೆಬರೆ ಬರೆದ ಸ್ಕ್ರಿಪ್ಟ್‌ಗಳು ಮತ್ತೆ ಕೇಳುವುದೇ ಇಲ್ಲ. ಎಣಿಕೆ ಸರಿಯಾಗಿ 1000 ಅಂತ ಬಂದರೆ ಫೋಟೋ ಕಳೆಯಿತು ಅಂತ ಅಳಬೇಡಿ, ಎಣಿಸಿದವನನ್ನು ಅನುಮಾನಿಸಿ.

ಎಣಿಕೆ ನಿಜವಾಗಿಯೂ ಕಡಿಮೆ ಬಂದರೆ ಕಸದ ಬುಟ್ಟಿ ನೋಡಿ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ. ಎಸ್3ಯಲ್ಲಿ ಬುಟ್ಟಿಯೇ ಇಲ್ಲ. ಆದರೆ ವರ್ಷನಿಂಗ್ (ಹಳೇ ಪ್ರತಿಗಳನ್ನೂ ಉಳಿಸಿಡುವ ಸೌಲಭ್ಯ) ಮೊದಲೇ ಆನ್ ಮಾಡಿದ್ದರೆ, ಅಳಿಸಿದ ಫೈಲಿನ ಮೇಲೆ 'ಅಳಿಸಲಾಗಿದೆ' ಅಂತ ಒಂದು ಚೀಟಿ ಕೂರುತ್ತದೆ, ಅಷ್ಟೇ. ಚೀಟಿ ತೆಗೆದರೆ ಫೈಲು ವಾಪಸ್. ಇದನ್ನು ಇವತ್ತೇ ಆನ್ ಮಾಡಿಡಿ. ಹಳೇ ಪ್ರತಿಗಳಿಗೂ ಬಾಡಿಗೆ ಬೀಳುತ್ತದೆ, ಆದರೂ ಮಾಡಿಡಿ.

ನಿಮ್ಮದು ಯಾವ ಬಗೆಯ ಫೋಲ್ಡರ್?

ಪರದೆಯ ಮೇಲೆ ಎಲ್ಲ ಫೋಲ್ಡರೂ ಒಂದೇ ಥರ ಕಾಣುತ್ತವೆ, ಅದೇ ಹಳದಿ ಚಿತ್ರ. ಒಳಗೆ ಕತೆ ಬೇರೆ.

ಗೂಗಲ್ ಡ್ರೈವ್ ಥರದ್ದರಲ್ಲಿ ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಒಳಗೊಂದು ಗುರುತಿನ ಸಂಖ್ಯೆ ಇರುತ್ತದೆ. ಲಿಂಕ್‌ನಲ್ಲಿ ಓಡಾಡುವುದು ಆ ಸಂಖ್ಯೆ. ಹೆಸರು ಬರೀ ಬೋರ್ಡು. ಶಿವಮೊಗ್ಗದ ಸ್ಪೆಲ್ಲಿಂಗ್ ಬದಲಾದರೂ ಗಾಡಿಗಳ ಮೇಲಿನ ಕೆಎ-14 ಬದಲಾಗಲಿಲ್ಲ ಅಲ್ವಾ, ಹಾಗೆ. ಇಲ್ಲಿ ಹೆಸರು ಬದಲಿಸಿದ್ದಕ್ಕೆ ಲಿಂಕ್ ಮುರಿಯುವುದಿಲ್ಲ. ಮುರಿದಿದ್ದರೆ ಹೆಚ್ಚಾಗಿ ಯಾರೋ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದ್ದಾರೆ, ಆ ಫೋಲ್ಡರನ್ನು ನೋಡುವ ಅನುಮತಿ ಎಲ್ಲರಿಗೂ ಇಲ್ಲ ಅಂತ ಲೆಕ್ಕ. ಇನ್ನೊಂದು ವಿಚಿತ್ರ: ಡ್ರೈವ್‌ನಲ್ಲಿ ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಬಹುದು. ಗುರುತಿನ ಸಂಖ್ಯೆ ಬೇರೆ ಬೇರೆಯಾದ್ದರಿಂದ ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ನಮಗೆ.

ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜ್ ಅಂದರೆ ಅಡಿಕೆ ಮಂಡಿಯ ಗೋದಾಮು ಅಂದುಕೊಳ್ಳಿ. ಕಪಾಟು ಇಲ್ಲ, ಕೋಣೆ ಇಲ್ಲ. ನೆಲದ ತುಂಬ ಮೂಟೆ. ಪ್ರತಿ ಮೂಟೆಯ ಮೇಲೆ ಒಂದು ಉದ್ದನೆ ಬರಹ: 'ಸಾಗರ/ರಾಶಿ/12', 'ಸಾಗರ/ಬೆಟ್ಟೆ/3'. ನಡುವಿನ ಓರೆಗೆರೆಯೂ ಹೆಸರಿನ ಒಂದು ಅಕ್ಷರ, ಅದಕ್ಕೆ ವಿಶೇಷ ಅಧಿಕಾರವೇನಿಲ್ಲ. ಪರದೆಯ ಮೇಲಿನ ಪ್ರೋಗ್ರಾಂ ಆ ಗೆರೆ ನೋಡಿ 'ಸಾಗರ' ಅಂತ ಒಂದು ಫೋಲ್ಡರ್ ಇದ್ದಂತೆ ಚಿತ್ರ ಬರೆಯುತ್ತದೆ. ಈ ಗೋದಾಮಿಗೆ ಎಸ್3ಯಲ್ಲಿ 'ಬಕೆಟ್' ಅನ್ನುತ್ತಾರೆ. ಸಾಮಾನ್ಯ ಬಕೆಟ್‌ನಲ್ಲಿ ಮೂಟೆಯ ಮೇಲಿನ ಬರಹ ಅಳಿಸಿ ತಿದ್ದಲು ಬರುವುದಿಲ್ಲ. ಹೊಸ ಹೆಸರಿನ ಮೂಟೆ ತಂದು, ಹಳೆಯದರಲ್ಲಿರುವುದನ್ನು ಅದಕ್ಕೆ ತುಂಬಿ, ಹಳೇ ಮೂಟೆ ಎಸೆಯಬೇಕು. 1,412 ಫೋಟೋ ಇದ್ದರೆ 1,412 ಸಲ ಕಾಪಿ, 1,412 ಸಲ ಡಿಲೀಟ್. ನಾವು ಒತ್ತಿದ್ದು ಒಂದು ರೀನೇಮ್, ಅದು ಮಾಡಿದ್ದು ಇಷ್ಟು.

ಅಣ್ಣನ ಲೆಕ್ಕದಲ್ಲಿ ಒಂದು ಜಾಸ್ತಿ ಬಂದದ್ದು ಇದಕ್ಕೇ. ಆ್ಯಪ್ ಒಂದು ಕಾಪಿ, ಒಂದು ಡಿಲೀಟ್, ಒಂದು ಕಾಪಿ, ಒಂದು ಡಿಲೀಟ್ ಅಂತ ಹೋಗುತ್ತಿತ್ತು. 864ನೇ ಫೋಟೋ ಕಾಪಿಯಾಯಿತು, ಡಿಲೀಟ್ ಆಗುವ ಮೊದಲು ಕರೆಂಟ್ ಹೋಯಿತು. ಅದೊಂದು ಎರಡೂ ಕಡೆ ಉಳಿಯಿತು. ಯಾವ ಫೋಟೋ ಅಂತ ಆಮೇಲೆ ನೋಡಿದೆ. ಜೋಗದ ಮಂಜಿನ ಚಿತ್ರ. ಜಲಪಾತವೇ ಕಾಣದಷ್ಟು ಮಂಜು.

ಮೂರನೆಯದು ಕ್ಲೌಡಿನರಿ ಥರದ ಮೀಡಿಯಾ ಲೈಬ್ರರಿ, ಅಂದರೆ ವೆಬ್‌ಸೈಟಿನ ಚಿತ್ರಗಳನ್ನು ಇಟ್ಟುಕೊಂಡು ಒದಗಿಸುವ ಸೇವೆ. ಇಲ್ಲಿ ಚಿತ್ರದ ವಿಳಾಸ ಮಾಡುವುದು 'ಪಬ್ಲಿಕ್ ಐಡಿ'. ಫಿಕ್ಸೆಡ್ ಫೋಲ್ಡರ್ ಮೋಡ್ ಇದ್ದರೆ ಫೋಲ್ಡರಿನ ಹಾದಿ ಆ ಐಡಿಯ ಒಳಗೇ ಸೇರಿರುತ್ತದೆ, ಜಾಗ ಬದಲಾದರೆ ವಿಳಾಸವೂ ಬದಲು. ಡೈನಾಮಿಕ್ ಮೋಡ್‌ನಲ್ಲಿ ಫೋಲ್ಡರ್ ಬೇರೆ, ಐಡಿ ಬೇರೆ, ಎಷ್ಟು ಸಲ ಬೇಕಾದರೂ ಜೋಡಿಸಿಕೊಳ್ಳಿ. ನಿಮ್ಮ ಅಕೌಂಟ್ ಯಾವುದು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿದ ಮೇಲೇ ಕೈ ಹಾಕಿ.

ಯಾವ ಬಗೆ ಅಂತ ಗೊತ್ತಾಗದಿದ್ದರೆ ಎರಡು ನಿಮಿಷದ ಪರೀಕ್ಷೆ ಇದೆ. ಹೊಸ ಫೋಲ್ಡರ್ ಮಾಡಿ, ಬೇಡವಾದ ಒಂದು ಚಿತ್ರ ಹಾಕಿ. ಅದರ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ, ಆದರೆ ತೆರೆಯಬೇಡಿ. ಫೋಲ್ಡರಿನ ಹೆಸರು ಬದಲಿಸಿ. ಈಗ ಲಿಂಕ್ ತೆರೆಯಿರಿ. ಚಿತ್ರ ಬಂದರೆ ಹೆಸರು ಬರೀ ಬೋರ್ಡು. ಬರದಿದ್ದರೆ ಹೆಸರೇ ವಿಳಾಸ. ಮೊದಲೇ ತೆರೆಯಬೇಡಿ ಅಂದದ್ದು ಯಾಕೆಂದರೆ, ಒಮ್ಮೆ ತೆರೆದ ಚಿತ್ರವನ್ನು ಬ್ರೌಸರ್ ಒಳಗಿಟ್ಟುಕೊಂಡು ಅದನ್ನೇ ತೋರಿಸಿ ಮೋಸ ಮಾಡುತ್ತದೆ.

ಬ್ರೌಸರ್ ಏನು ಹೇಳುತ್ತದೆ?

ಖಾಲಿ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ, ಚಿತ್ರವನ್ನು ಬೇರೆ ಟ್ಯಾಬಿನಲ್ಲಿ ತೆರೆಯಿರಿ. ಇಡೀ ಸೈಟು ನೋಡುತ್ತ ಕೂರುವುದಕ್ಕಿಂತ ಒಂದು ಚಿತ್ರದ ವಿಳಾಸ ಹಿಡಿದು ಕೂರುವುದು ಮೇಲು.

404 ಬಂದರೆ ಆ ವಿಳಾಸದಲ್ಲಿ ಏನೂ ಇಲ್ಲ. 403 ಬಂದರೆ 'ನಿನಗೆ ನೋಡಲು ಅನುಮತಿ ಇಲ್ಲ'. ಪುಸ್ತಕದ ಪ್ರಕಾರ ಇಷ್ಟೇ. ಆದರೆ ಎಸ್3ಯಲ್ಲಿ ಒಂದು ತಿರುವಿದೆ. ಕೇಳುವವರಿಗೆ ಬಕೆಟ್‌ನ ಪಟ್ಟಿ ನೋಡುವ ಅನುಮತಿ ಇಲ್ಲದಿದ್ದರೆ, ಇಲ್ಲದ ಫೈಲಿಗೂ ಅದು 404 ಹೇಳುವುದಿಲ್ಲ, 403 ಅನ್ನುತ್ತದೆ. ಒಳಗೆ ಏನಿದೆ ಏನಿಲ್ಲ ಅನ್ನುವುದೂ ಹೊರಗಿನವರಿಗೆ ತಿಳಿಯಬಾರದು ಅಂತ. ನಾನು ಒಮ್ಮೆ ಈ 403 ನಂಬಿ ಮಧ್ಯಾಹ್ನವಿಡೀ ಪರ್ಮಿಷನ್ ತಿದ್ದುತ್ತ ಕೂತಿದ್ದೆ. ಫೈಲೇ ಅಲ್ಲಿರಲಿಲ್ಲ. ಆದ್ದರಿಂದ 403 ಕಂಡರೆ ಮೊದಲು ನಿಮ್ಮ ಲಾಗಿನ್‌ನಿಂದ ಒಳಗೆ ಹೋಗಿ, ಆ ಹೆಸರಿನ ಫೈಲು ಇದೆಯಾ ನೋಡಿ.

ಫೈಲು ಇದ್ದೂ 403 ಬಂದರೆ ಆಗ ಅನುಮತಿಯ ಮಾತು. ಕಾಪಿ ಮಾಡುವಾಗ ಫೈಲಿನ ಮೇಲಿದ್ದ 'ಎಲ್ಲರೂ ನೋಡಬಹುದು' ಅನ್ನುವ ಗುರುತು ತಾನಾಗಿ ಜೊತೆಗೆ ಬರುವುದಿಲ್ಲ, ಹೊಸ ಪ್ರತಿ ಖಾಸಗಿಯಾಗಿಯೇ ಹುಟ್ಟುತ್ತದೆ. ಹಳೇ ಬಕೆಟ್‌ಗಳಲ್ಲಿ ಇದು ಕಾಡುತ್ತದೆ. ಅನುಮತಿ ಬಕೆಟ್‌ನ ಪಾಲಿಸಿಯಲ್ಲಿ (ಯಾರು ಏನು ನೋಡಬಹುದು ಅನ್ನುವ ನಿಯಮದ ಪಟ್ಟಿಯಲ್ಲಿ) ಇದ್ದರೆ, ಆ ಪಾಲಿಸಿಯೊಳಗೆ ಹಳೇ ಫೋಲ್ಡರಿನ ಹೆಸರನ್ನೇ ಬರೆದಿಟ್ಟಿದ್ದಾರಾ ನೋಡಿ. ಅಣ್ಣನ ಸೈಟಿನಲ್ಲಿ ಇದ್ದದ್ದು ಇದೇ. 'ಶಿಮೋಗ'ದೊಳಗಿನದನ್ನು ಯಾರು ಬೇಕಾದರೂ ನೋಡಬಹುದು ಅಂತ ಪಾಲಿಸಿ. 'ಶಿವಮೊಗ್ಗ'ದ ಬಗ್ಗೆ ಅದರಲ್ಲಿ ಮಾತೇ ಇಲ್ಲ. ಆ ಪಾಲಿಸಿ ಬರೆದವನು ನಾನೇ, ಬೇರೆಯವರನ್ನು ಬೈಯುವ ಹಾಗೂ ಇಲ್ಲ.

ದೊಡ್ಡಕ್ಷರ, ಚಿಕ್ಕಕ್ಷರವನ್ನೂ ಇಲ್ಲೇ ನೋಡಿಬಿಡಿ. ಕ್ಯಾಮರಾ ಕೊಡುವ ಹೆಸರಿನ ಕೊನೆಯ ಜೆಪಿಜಿ ಹೆಚ್ಚಾಗಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿರುತ್ತದೆ, ಸೈಟಿನಲ್ಲಿ ನಾವು ಚಿಕ್ಕಕ್ಷರದಲ್ಲಿ ಬರೆದಿರುತ್ತೇವೆ. ವಿಂಡೋಸ್‌ಗೆ ಎರಡೂ ಒಂದೇ. ಎಸ್3 ಥರದ್ದಕ್ಕೆ ಅಲ್ಲ.

ಅರ್ಧಕ್ಕೆ ನಿಂತ ರೀನೇಮ್ ಮುಗಿಸುವುದು

ನಿಂತಲ್ಲಿಂದ ಮುಂದುವರಿಸಬೇಕು, ಆದರೆ ಅದೇ ಆ್ಯಪಿನಿಂದ ಬೇಡ. ಎರಡೂ ಫೋಲ್ಡರಿನ ಪಟ್ಟಿಯನ್ನು ಗಾತ್ರದ ಸಮೇತ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಹಾಕಿದೆ. ಎರಡೂ ಕಡೆ ಇದ್ದದ್ದು ಆ ಮಂಜಿನ ಫೋಟೋ ಒಂದೇ, ಗಾತ್ರವೂ ಬೈಟ್ ಲೆಕ್ಕದಲ್ಲಿ ಸಮ. ಹಾಗಾದರೆ ಅದು ಪೂರ್ತಿ ಕಾಪಿಯಾಗಿದೆ.

ಉಳಿದ 548ಕ್ಕೆ ಆರ್‌ಕ್ಲೋನ್ ಬಳಸಿದೆ. ಉಚಿತ, ಕಪ್ಪು ಪರದೆಯ ಪ್ರೋಗ್ರಾಂ, ನೋಡಲು ಚೆಂದವಿಲ್ಲ. ಆದರೆ ಅದರಲ್ಲಿ 'ಡ್ರೈ ರನ್' ಅಂತ ಇದೆ. ಏನನ್ನೂ ಮಾಡದೆ, ಮಾಡಿದರೆ ಏನೇನು ಆಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಆ ಪಟ್ಟಿ ಓದದೆ ಮುಂದೆ ಹೋಗಬೇಡಿ. 'ಮೂವ್' ಅಲ್ಲ, 'ಕಾಪಿ' ಕೊಡಿ. ಮತ್ತೆ ಅರ್ಧಕ್ಕೆ ನಿಂತರೆ ಅದೇ ಆಜ್ಞೆ ಮತ್ತೆ ಕೊಟ್ಟರಾಯಿತು, ಈಗಾಗಲೇ ಹೋಗಿರುವುದನ್ನು ಬಿಟ್ಟು ಉಳಿದದ್ದನ್ನು ಮಾಡುತ್ತದೆ. ಹಳೆಯದನ್ನು ಅಳಿಸುವುದು ವಾರ ಕಳೆದ ಮೇಲೆ.

ಒಂದೇ ಸ್ಟೋರೇಜಿನ ಒಳಗೆ ಕಾಪಿಯಾದರೆ ಫೋಟೋ ನಮ್ಮ ಮನೆಯ ಲೈನಿನ ಮೇಲೆ ಓಡಾಡುವುದಿಲ್ಲ, ಅವರ ಸರ್ವರಿನಲ್ಲೇ ನಡೆಯುತ್ತದೆ. ಆದರೆ ಕ್ಲೌಡನ್ನು ಲ್ಯಾಪ್‌ಟಾಪಿನ ಒಂದು ಡ್ರೈವ್ ಥರ ತೋರಿಸುವ ಕೆಲವು ಆ್ಯಪ್‌ಗಳು ಪ್ರತಿ ಫೋಟೋವನ್ನೂ ಕೆಳಗಿಳಿಸಿ ಮತ್ತೆ ಮೇಲೇರಿಸುತ್ತವೆ. ತುಳಸಿಕಟ್ಟೆ ಹತ್ತಿರ ನಿಂತರೆ ಮಾತ್ರ ಸಿಗ್ನಲ್ ಬರುವ ಮನೆಯಲ್ಲಿ ಅದು ಆಗಿಹೋಗುವ ಮಾತಲ್ಲ. ಹತ್ತು ಫೋಟೋ ಸರಿಸಿ ಡೇಟಾ ಮೀಟರ್ ನೋಡಿ, ಗೊತ್ತಾಗುತ್ತದೆ.

ಡ್ರೋನ್ ವಿಡಿಯೋ ಇದ್ದರೆ ಇನ್ನೊಂದು ಮಾತು. ಎಸ್3ಯಲ್ಲಿ ಒಂದೇ ಏಟಿಗೆ 5 ಜಿಬಿಗಿಂತ ದೊಡ್ಡ ಫೈಲು ಕಾಪಿಯಾಗುವುದಿಲ್ಲ, ತುಂಡು ತುಂಡಾಗಿ ಮಾಡಬೇಕು. ಫೋಟೋ ಎಲ್ಲ ಹೋಗಿ ದೊಡ್ಡ ವಿಡಿಯೋಗಳು ಮಾತ್ರ ಹಳೇ ಫೋಲ್ಡರಿನಲ್ಲಿ ಉಳಿದಿದ್ದರೆ ಕಾರಣ ಹೆಚ್ಚಾಗಿ ಇದೇ.

ಎಲ್ಲ ಸರಿಯಾಯಿತು, ಆದರೆ ಗ್ಯಾಲರಿಯ ಕ್ರಮ ಕಲಸಿಹೋಗಿದೆ, 'ಹೊಸ ಫೋಟೋ' ಅಂತ ಐದು ವರ್ಷದ ಹಿಂದಿನದು ಬರುತ್ತಿದೆ ಅಂದರೆ ಅದೂ ಈ ಕಾಪಿಯದೇ ಕೆಲಸ. ಕಾಪಿಯಾದ ಹೊತ್ತೇ ಹೊಸ ಪ್ರತಿಯ ತಾರೀಖಾಗುತ್ತದೆ. ಫೋಟೋ ತೆಗೆದ ದಿನ ಚಿತ್ರದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ, ಗ್ಯಾಲರಿಗೆ ಅದನ್ನು ನೋಡಲು ಹೇಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದಾದರೆ ಅದೂ ಇರುವುದಿಲ್ಲ. ಅಂಥವಕ್ಕೆ ಹೆಸರಿನಲ್ಲೇ ತಾರೀಖು ಬರೆಯದೆ ಬೇರೆ ದಾರಿಯಿಲ್ಲ.

ಸೈಟಿನ ಒಳಗೆ ಉಳಿದ ಹಳೇ ಹೆಸರು

ಫೋಟೋ ಹೊಸ ಜಾಗಕ್ಕೆ ಬಂದರೂ ಸೈಟು ಹಳೇ ವಿಳಾಸವನ್ನೇ ಕೇಳುತ್ತಿರುತ್ತದೆ. ಡೇಟಾಬೇಸಿನಲ್ಲಿ ಹಳೇ ಹೆಸರು ಹುಡುಕಿ ಹೊಸದನ್ನು ತುಂಬಬೇಕು. ಇಲ್ಲಿ ವರ್ಡ್‌ಪ್ರೆಸ್‌ನಲ್ಲಿ ಸೈಟು ಮಾಡಿಕೊಂಡವರು ಹುಷಾರಾಗಿರಬೇಕು. ಅದು ಕೆಲವು ಪಟ್ಟಿಗಳನ್ನು ಉಳಿಸುವಾಗ ಪ್ರತಿ ಸಾಲಿನ ಮುಂದೆ 'ಇದರಲ್ಲಿ ಇಷ್ಟು ಅಕ್ಷರ ಇದೆ' ಅಂತ ಸಂಖ್ಯೆ ಬರೆದಿಡುತ್ತದೆ. ಇಂಗ್ಲಿಷಿನಲ್ಲಿ ಹಳೇ 'ಶಿಮೋಗ' 7 ಅಕ್ಷರ, 'ಶಿವಮೊಗ್ಗ' 10. ಸುಮ್ನೆ ಹುಡುಕಿ ಬದಲಿಸಿದರೆ ಸಾಲು ಮೂರಕ್ಷರ ಉದ್ದವಾಗುತ್ತದೆ, ಮುಂದಿನ ಸಂಖ್ಯೆ ಹಾಗೇ ಉಳಿಯುತ್ತದೆ. ಲೆಕ್ಕ ತಪ್ಪಿದ ಕೂಡಲೇ ವರ್ಡ್‌ಪ್ರೆಸ್ ಇಡೀ ಪಟ್ಟಿಯನ್ನೇ ಬಿಟ್ಟುಬಿಡುತ್ತದೆ. ಸ್ಲೈಡ್‌ಶೋ ಮಾಯ, ಪಕ್ಕದ ಮೆನು ಮಾಯ, ಎರರ್ ಮಾತ್ರ ಎಲ್ಲೂ ಇಲ್ಲ! ಡಬ್ಲ್ಯೂಪಿ-ಸಿಎಲ್‌ಐ ಅನ್ನುವ, ಆಜ್ಞೆ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸುವ ಪ್ರೋಗ್ರಾಂನ ಸರ್ಚ್-ರಿಪ್ಲೇಸ್ ಬಳಸಿದರೆ ಅದು ಸಂಖ್ಯೆಯನ್ನೂ ತಿದ್ದುತ್ತದೆ. ಮೊದಲು ಡೇಟಾಬೇಸ್ ಬ್ಯಾಕಪ್, ಹೇಳಬೇಕಾಗಿಲ್ಲ ತಾನೆ.

ಒಂದೇ ಹೆಸರು, ಎರಡು ಫೋಲ್ಡರ್

ಇದು ಕನ್ನಡದಂಥ ಲಿಪಿಯಲ್ಲಿ ಹೆಸರಿಡುವವರಿಗೆ ಸಿಗುವ ಭಾಗ್ಯ. ಇಂಗ್ಲಿಷ್ ಕೈಪಿಡಿಗಳಲ್ಲಿ ನನಗೆ ಉತ್ತರ ಸಿಗದೆ ಒದ್ದಾಡಿದ್ದೂ ಇಲ್ಲೇ.

ಅಣ್ಣನ ಬಕೆಟ್‌ನಲ್ಲಿ ತಾಲ್ಲೂಕುವಾರು ಫೋಲ್ಡರ್‌ಗಳಿದ್ದವು, ಹೆಸರು ಕನ್ನಡದಲ್ಲಿ. ಅದರಲ್ಲಿ 'ಸೊರಬ' ಎರಡು, 'ಹೊಸನಗರ' ಎರಡು, 'ತೀರ್ಥಹಳ್ಳಿ' ಎರಡು. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸವಿಲ್ಲ. 'ಸಾಗರ' ಮಾತ್ರ ಒಂದೇ.

ಕಾರಣ ಯೂನಿಕೋಡ್‌ನಲ್ಲಿದೆ, ಅಂದರೆ ಕಂಪ್ಯೂಟರ್ ಪ್ರತಿ ಅಕ್ಷರ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿಯಲ್ಲಿ. 'ಸೊ' ಅನ್ನುವಲ್ಲಿ ಒಂದು ಒತ್ವ ಇದೆ. ಅದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ಊತ್ವ, ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಮೂಡುತ್ತವೆ. ಈತ್ವ, ಏತ್ವ, ಐತ್ವ, ಓತ್ವಗಳದೂ ಇದೇ ಕತೆ. ನಾವು ಸಾಮಾನ್ಯವಾಗಿ ಟೈಪ್ ಮಾಡುವುದು ಒಂದೇ ಚಿಹ್ನೆಯ ರೂಪ. ಮ್ಯಾಕ್ ಕಂಪ್ಯೂಟರಿನ ಹಳೇ ಡಿಸ್ಕ್ ವ್ಯವಸ್ಥೆ, ಎಚ್‌ಎಫ್‌ಎಸ್ ಪ್ಲಸ್, ಫೈಲಿನ ಹೆಸರನ್ನು ಬಿಡಿಸಿ ಇಡುತ್ತದೆ. ಅಣ್ಣನ ಅಳಿಯ ಬೆಂಗಳೂರಿನಿಂದ ಮ್ಯಾಕ್‌ನ ಹಳೇ ಹಾರ್ಡ್ ಡಿಸ್ಕ್ ತಂದು ಅದರಿಂದಲೇ ಅಪ್‌ಲೋಡ್ ಮಾಡಿದ್ದ. ಅಲ್ಲಿಂದ ಶುರು.

ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಯಾವುದಕ್ಕೆಲ್ಲ ಈ ರೋಗ ಬರಬಹುದು ಅಂತ ಕೂತು ಲೆಕ್ಕ ಹಾಕಿದೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸೊರಬ, ಈ ನಾಲ್ಕಕ್ಕೆ ಬರುತ್ತದೆ. ಸಾಗರ, ಭದ್ರಾವತಿ, ಶಿಕಾರಿಪುರಕ್ಕೆ ಬರುವುದಿಲ್ಲ, ಬಿಡಿಸಲು ಅವುಗಳಲ್ಲಿ ಏನೂ ಇಲ್ಲ. ಜೋಗಕ್ಕೂ ಬರುತ್ತದೆ, ಆಗುಂಬೆ ಪಾರು.

ಕಂಡುಹಿಡಿಯುವುದು ಸುಲಭ. ಎರಡೂ ಹೆಸರನ್ನು ಕಾಪಿ ಮಾಡಿ ಎಕ್ಸೆಲ್‌ನ ಎರಡು ಮನೆಯಲ್ಲಿ ಹಾಕಿ, ಉದ್ದ ಹೇಳುವ 'ಲೆನ್' ಸೂತ್ರ ಕೊಡಿ. 'ಶಿವಮೊಗ್ಗ' ಒಂದರಲ್ಲಿ 8 ಬರುತ್ತದೆ, ಇನ್ನೊಂದರಲ್ಲಿ 9. ವಿಳಾಸದ ಪಟ್ಟಿಯಲ್ಲೂ ಗೊತ್ತಾಗುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಲಿಂಕ್ ಕಾಪಿ ಮಾಡಿದರೆ ಪ್ರತಿ ಬೈಟೂ ಶೇಕಡಾ ಗುರುತು ಸೇರಿ ಮೂರು ಅಕ್ಷರವಾಗುತ್ತದೆ. ಮೊದಲನೇ ಶಿವಮೊಗ್ಗ 72 ಅಕ್ಷರ ಉದ್ದ, ಎರಡನೆಯದು 81. ಎಂಟು ಚಿಹ್ನೆಯ ಊರು ವಾಟ್ಸಾಪಿಗೆ ಹೋಗುವಷ್ಟರಲ್ಲಿ ರೈಲು ಆಗಿರುತ್ತದೆ.

ಇನ್ನೊಬ್ಬ ಕಾಣದ ಕಳ್ಳ 'ಜೋಗ್‌ಫಾಲ್ಸ್' ಥರದ ಹೆಸರಿನಲ್ಲಿದ್ದಾನೆ. ಗ ಮತ್ತು ಫ ಒತ್ತಾಗಿ ಸೇರದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಒಬ್ಬರು ಹಾಕುತ್ತಾರೆ, ಒಬ್ಬರು ಮರೆಯುತ್ತಾರೆ, ಕೆಲವು ಪ್ರೋಗ್ರಾಂಗಳು ತೆಗೆದೇಬಿಡುತ್ತವೆ. ಹೆಸರಿನ ಕೊನೆಯ ಖಾಲಿ ಜಾಗವೂ ಹೀಗೇ. ಎಲ್ಲವೂ 'ಲೆನ್' ಸೂತ್ರದಲ್ಲಿ ಸಿಕ್ಕಿಬೀಳುತ್ತವೆ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಇಟ್ಟ ಹೆಸರುಗಳಿದ್ದರೆ ಅವು ಕ್ಲೌಡ್‌ನಲ್ಲಿ ಗೀಚಿದ ಹಾಗೆ ಕಾಣುತ್ತವೆ. ಫೈಲು ಕೆಟ್ಟಿಲ್ಲ. ಹೆಸರನ್ನು ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡು ತಿದ್ದಿ.

ನಾನೀಗ ಒಂದು ಪಕ್ಷಪಾತ ಇಟ್ಟುಕೊಂಡಿದ್ದೇನೆ. ವೆಬ್‌ಸೈಟು ಓದುವ ಫೋಲ್ಡರಿಗೆ ಇಂಗ್ಲಿಷಿನ ಚಿಕ್ಕಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಕನ್ನಡ ಫೋಟೋದ ಶೀರ್ಷಿಕೆಯಲ್ಲಿ, ಧಾರಾಳವಾಗಿ. ಮನೆಯ ಆಲ್ಬಮ್ಮಿಗೆ ಕನ್ನಡ ಹೆಸರೇ ಇರಲಿ, ಯಾವ ತೊಂದರೆಯೂ ಇಲ್ಲ.

ತಾರೀಖಿನ ಓರೆಗೆರೆ

'15/08/2024' ಅಂತ ಫೋಲ್ಡರಿಗೆ ಹೆಸರಿಟ್ಟರೆ ಎಸ್3 ಥರದ್ದರಲ್ಲಿ ಏನಾಗುತ್ತದೆ ಊಹಿಸಿ. 15ರೊಳಗೆ 08, 08ರೊಳಗೆ 2024. ಮೂರು ಫೋಲ್ಡರ್! ಒಂದು ವರ್ಷ ಹೀಗೇ ಮಾಡಿದವರ ಬಕೆಟ್ ನೋಡಿದ್ದೇನೆ. ಮೇಲೆ 01ರಿಂದ 31ರವರೆಗೆ ಫೋಲ್ಡರ್‌ಗಳ ಸಾಲು, ಪಂಚಾಂಗದ ಹಾಗೆ. '2024-08-15' ಅಂತ ಬರೆಯಿರಿ, ವರ್ಷ ಮೊದಲು. ಪಟ್ಟಿ ತಾನಾಗಿ ಕ್ರಮಕ್ಕೆ ಬರುತ್ತದೆ. ಅಂಕಿಗೆ 1, 2 ಬದಲು 01, 02 ಬರೆಯಿರಿ, ಇಲ್ಲದಿದ್ದರೆ 10 ಬಂದು 2ರ ಮುಂದೆ ನಿಲ್ಲುತ್ತದೆ.

ಓರೆಗೆರೆ, ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಡಬಲ್ ಕೋಟ್ ಇವನ್ನೆಲ್ಲ ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ. ಫೋನಿನಿಂದ ಡ್ರೈವ್‌ನಲ್ಲಿ 'ಮದುವೆ: ಧಾರೆ' ಅಂತ ಇಟ್ಟದ್ದು ಲ್ಯಾಪ್‌ಟಾಪಿನಲ್ಲಿ ಬೇರೆ ಹೆಸರಾಗಿ ಕಂಡರೆ, ಇಲ್ಲವೇ ಸಿಂಕೇ ಆಗದಿದ್ದರೆ, ಆ ಕೋಲನ್ ನೋಡಿ. ಫೋಲ್ಡರಿನೊಳಗೆ ಫೋಲ್ಡರ್ ಅಂತ ಆಳಕ್ಕೆ ಹೋದರೂ ತೊಂದರೆ. ವಿಂಡೋಸ್‌ನ ಹಳೇ ಮಿತಿ ಇಡೀ ಹಾದಿಗೆ 260 ಅಕ್ಷರ, ಎಷ್ಟೋ ಪ್ರೋಗ್ರಾಂಗಳು ಇನ್ನೂ ಅಲ್ಲೇ ನಿಂತಿವೆ.

ಎರಡು ಕಂಪ್ಯೂಟರ್ ಸಿಂಕ್‌ನಲ್ಲಿದ್ದರೆ ಎರಡೂ ಆನ್‌ಲೈನ್ ಇರುವಾಗಲೇ ಹೆಸರು ಬದಲಿಸಿ. ನೆಟ್ ಇಲ್ಲದೆ ಬಿದ್ದಿದ್ದ ಲ್ಯಾಪ್‌ಟಾಪಿನಲ್ಲಿ ಹಳೇ ಫೋಲ್ಡರಿಗೇ ಏನಾದರೂ ಸೇರಿಸಿದ್ದರೆ, ಅದು ಎಚ್ಚರವಾದಾಗ ಹಳೇ ಫೋಲ್ಡರ್ ಮತ್ತೆ ಹುಟ್ಟಬಹುದು.

ಗೂಗಲ್ ಫೋಟೋಸ್‌ನ ಆಲ್ಬಮ್ ಫೋಲ್ಡರ್ ಅಲ್ಲ. ಆಲ್ಬಮ್ಮಿಗೆ ಹಾಕಿಯಾಯಿತು ಅಂತ ಲೈಬ್ರರಿಯಿಂದ ಅಳಿಸಿದರೆ ಆಲ್ಬಮ್ಮಿನಿಂದಲೂ ಹೋಗುತ್ತದೆ. ಇಷ್ಟು ನೆನಪಿದ್ದರೆ ಸಾಕು.

ಎಲ್ಲ ಸರಿ, ಆದರೂ ಹಳೆಯದೇ ಕಾಣುತ್ತಿದೆ

ಇದು ಕ್ಯಾಶ್, ಬೇಗ ತೋರಿಸಲು ಎತ್ತಿಟ್ಟುಕೊಂಡ ಪ್ರತಿ. ನಿಮ್ಮ ಬ್ರೌಸರ್‌ನಲ್ಲಿ ಒಂದು ಪ್ರತಿ, ಮಧ್ಯದ ಸಿಡಿಎನ್‌ನಲ್ಲಿ (ಕ್ಲೌಡ್‌ಗೂ ನೋಡುವವರಿಗೂ ನಡುವೆ ಪ್ರತಿ ಇಟ್ಟುಕೊಂಡು ಕೊಡುವ ಸರ್ವರ್‌ಗಳಲ್ಲಿ) ಇನ್ನೊಂದು. ಅಮೆಜಾನ್‌ನ ಸಿಡಿಎನ್ ಆದ ಕ್ಲೌಡ್‌ಫ್ರಂಟ್‌ನಲ್ಲಿ ನಾವೇನೂ ಹೇಳದಿದ್ದರೆ 24 ಗಂಟೆ ಹಳೇ ಪ್ರತಿ ಇಟ್ಟುಕೊಳ್ಳುವುದು ವಾಡಿಕೆ. ಇನ್‌ಕಾಗ್ನಿಟೋದಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ನಿಮ್ಮ ಬ್ರೌಸರ್‌ದು ತಪ್ಪು. ಅಲ್ಲೂ ಹಳೆಯದಿದ್ದರೆ ಸಿಡಿಎನ್‌ನಲ್ಲಿ ಇನ್‌ವ್ಯಾಲಿಡೇಟ್ (ಹಳೇ ಪ್ರತಿ ಬಿಡು ಅನ್ನುವ ಆಜ್ಞೆ) ಕೊಡಿ. ತಿರುಗುಮುರುಗಾಗಿಯೂ ಮೋಸ ಆಗುತ್ತದೆ: ಹಳೇ ಫೋಲ್ಡರ್ ಅಳಿಸಿದ ಮೇಲೂ ಒಂದು ದಿನ ಎಲ್ಲ ಚೆನ್ನಾಗಿ ಕಾಣುತ್ತದೆ, ಮರುದಿನ ಒಡೆಯುತ್ತದೆ. ಹಳೆಯದನ್ನು ವಾರ ಬಿಟ್ಟು ಅಳಿಸಿ ಅಂದದ್ದು ಇದಕ್ಕೂ ಸೇರಿ.

ಅಣ್ಣನ ಸೈಟು ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಸರಿಯಾಯಿತು. ಎಂಟು ದಿನ ಬಿಟ್ಟು ಹಳೇ 'ಶಿಮೋಗ' ಅಳಿಸಿದೆ. ಆ್ಯಪ್ ಮಾತ್ರ ಅವರ ಲ್ಯಾಪ್‌ಟಾಪಿನಲ್ಲಿ ಹಾಗೇ ಉಳಿಯಿತು, ತೆಗೆಯಲು ಮರೆತೆ.

ಮೊನ್ನೆ ಮತ್ತೆ ಫೋನ್. ಸಿಗಂದೂರಿಗೆ ಹೋಗುವ ಸೇತುವೆ 2025ರ ಜುಲೈನಲ್ಲಿ ಶುರುವಾಯಿತಲ್ಲ, ಅದರ ವಿಷಯ.

"ಗ್ಯಾಲರಿಯಲ್ಲಿ ಲಾಂಚ್ ಅಂತ ಒಂದು ಫೋಲ್ಡರ್ ಇದೆಯಲ್ಲ, ಈಗ ಎಲ್ಲ ಸೇತುವೆ ಮೇಲೇ ಹೋಗ್ತಾರೆ."

"ಫೋಟೋ ಕೆಳಗಿನ ಬರಹ ಬದಲಿಸಿ ಅಣ್ಣ. ಫೋಲ್ಡರ್ ಮುಟ್ಟಬೇಡಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಆಗಲೇ ಮುಟ್ಟಿ ಆಯ್ತಲ್ಲ ಮಾರಾಯಾ."

ಲ್ಯಾಪ್‌ಟಾಪ್ ತೆಗೆದು ಎಣಿಸಿದೆ. ಹಳೆಯದರಲ್ಲಿ 0, ಹೊಸದರಲ್ಲಿ 38. ಸದ್ಯ, ಕರೆಂಟ್ ಇತ್ತು.